ಆಳಿಗೆ ತಕ್ಕ ಕಾವು



ಆಶ್ಲೇಷ ಮಳೆ ಮೂರು ದಿನದಿಂದ ಬಿಡುವು ಕೊಟ್ಟಿದೆ. ನಮ್ಮ ಕಡೆ ಎಲ್ಲರ ಹೊಲದಲ್ಲೂ ರಾಗಿ ಕಳೆ ಒಟ್ಟಿಗೇ ಶುರುವಾಗಿದೆ. ಇವತ್ತು ಬೆಳಗ್ಗೆ ಡೈರಿಗೆ ಹಾಲು ಹಾಕಿ ವಾಪಸ್ ಬರುವಾಗ ರಸ್ತೆಯ ಎರಡೂ ಕಡೆ ನೋಡಿಕೊಂಡೇ ಬಂದೆ. ಒಂದೊಂದು ಹೊಲದಲ್ಲಿ ಎಂಟು, ಹತ್ತು ಹೆಣ್ಣಾಳು. ಎಲ್ಲಾ ನಮ್ಮೂರಿನವರೇ, ಆದರೆ ಯಾರು ಯಾರು ಅಂತ ಗುರುತು ಸಿಗಲಿಲ್ಲ. ಮುಖ ಕಂಡರೆ ತಾನೇ ಗುರುತು ಸಿಗೋದು? ಕಂಡಿದ್ದೆಲ್ಲಾ ಬರೀ ಬೆನ್ನು.

ಹಾಗಾಗಿ ಈ ಸಲದ ಟಿಪ್ಪಣಿ ಬೀಜ, ಗೊಬ್ಬರ, ರೇಟು ಯಾವುದರ ಬಗ್ಗೆಯೂ ಅಲ್ಲ. ಬೆನ್ನಿನ ಬಗ್ಗೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನನ್ನ ಮಗ ಬೆಂಗಳೂರಲ್ಲಿ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೆಲಸ ಮಾಡ್ತಾನೆ. ಹೋದ ತಿಂಗಳು ಅವರ ಆಫೀಸಲ್ಲಿ ಒಂದು ಗಂಟೆ ಕ್ಲಾಸ್ ಇಟ್ಟಿದ್ದರಂತೆ, ಹೇಗೆ ಕೂತು ಕೆಲಸ ಮಾಡಬೇಕು ಅಂತ. ಕುರ್ಚಿ ಎತ್ತರ ಪಾದ ಪೂರ್ತಿ ನೆಲಕ್ಕೆ ತಾಗೋ ಹಾಗಿರಬೇಕು, ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಇರಬೇಕು, ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಆಗಾಗ ಎದ್ದು ಓಡಾಡಬೇಕು. ಇವನ ಎತ್ತರಕ್ಕೆ ಸರಿ ಮಾಡಿಕೊಳ್ಳೋ ಕುರ್ಚಿಯನ್ನೂ ಕೊಟ್ಟಿದ್ದಾರೆ. ಅದರ ಫೋಟೋ ನನಗೆ ವಾಟ್ಸಾಪ್ ಮಾಡಿ, "ಅಪ್ಪಾ, ಇದಕ್ಕೆ ಎರ್ಗನಾಮಿಕ್ಸ್ ಅಂತಾರೆ, ಕನ್ನಡದಲ್ಲಿ ಏನನ್ನಬಹುದು?" ಅಂತ ಕೇಳಿದ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆ ಪದಕ್ಕೆ ಪುಸ್ತಕದ ಕನ್ನಡ ನನಗೆ ಗೊತ್ತಿಲ್ಲ. ಫೋಟೋ ನೋಡಿದಾಗ ತೋಚಿದ್ದನ್ನು ಬರೆದು ಕಳಿಸಿದೆ: "ಆಳಿಗೆ ತಕ್ಕ ಕಾವು." ಗುದ್ದಲಿ, ಸನಿಕೆ, ಕೊಡಲಿಗೆ ಹಾಕ್ತೀವಲ್ಲ, ಆ ಕಾವು. ಅವನಿಗೆ ನಗು ಬಂತು. ನನಗೆ ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

ನನಗಿರೋದು ಎರಡು ಎಕರೆ ಹತ್ತು ಗುಂಟೆ ಖುಷ್ಕಿ, ಬದುವಿನ ಮೇಲೆ ನಲವತ್ತು ತೆಂಗು, ಎರಡು ಹಸು. ಮೂರು ವರ್ಷದ ಹಿಂದೆ ಗೊಬ್ಬರದ ಮೂಟೆ ಎತ್ತೋಕೆ ಬಗ್ಗಿದವನು ಮೇಲೇಳಲಿಲ್ಲ. ಸೊಂಟದಿಂದ ಎಡಗಾಲಿನ ಹೆಬ್ಬೆರಳ ತನಕ ಕರೆಂಟು ಹೊಡೆದ ಹಾಗಾಯ್ತು. ಅಕ್ಕಪಕ್ಕದವರು ಮಂಚದ ಮೇಲೆ ಹಾಕಿಕೊಂಡು ಮನೆಗೆ ತಂದರು. ಪಟ್ಟಣದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿ, ಬೆನ್ನುಮೂಳೆಯ ಕೆಳಗಡೆ ಎಲ್ 4, ಎಲ್ 5 ಅನ್ನೋ ಜಾಗದಲ್ಲಿ ಡಿಸ್ಕ್ ಸರಿದಿದೆ ಅಂದರು. ಆರು ವಾರ ಹುಷಾರಾಗಿರಿ, ಮಾತ್ರೆ ತಗೊಳ್ಳಿ, ಆಮೇಲೆ ವ್ಯಾಯಾಮ ಮಾಡಿ ಅಂದರು. ಕೊನೆಗೆ ಚೀಟಿಯಲ್ಲಿ ಒಂದು ಸಾಲು ಬರೆದರು: ಬಗ್ಗಬಾರದು, ಭಾರ ಎತ್ತಬಾರದು.

ಡಾಕ್ಟರು ಒಳ್ಳೆಯವರೇ. ಆದರೆ ಆ ಚೀಟಿ ಹಿಡ್ಕೊಂಡು ಬಸ್‌ಸ್ಟಾಂಡಲ್ಲಿ ಕೂತಾಗ ನನಗೆ ಸಿಟ್ಟೇ ಬಂತು. ಬಗ್ಗದೆ ಮಾಡೋ ಬೇಸಾಯ ಯಾವುದು? ಸಗಣಿ ಬಾಚಬೇಕು, ಹಾಲು ಕರೀಬೇಕು, ಕಳೆ ಕೀಳಬೇಕು, ರಾಗಿ ಕುಯ್ಯಬೇಕು, ಕಾಯಿ ಆಯಬೇಕು. "ಬಗ್ಗಬೇಡಿ" ಅಂದರೆ "ಬದುಕಬೇಡಿ" ಅಂದ ಹಾಗೆ ಕೇಳಿಸ್ತು.

ಮನೆಯಲ್ಲಿ ಮಲಗಿದ್ದ ಆರು ವಾರ ಬೇರೆ ಕೆಲಸ ಇರಲಿಲ್ಲ, ಯೋಚನೆ ಮಾಡಿದೆ. ಸ್ಕೂಲಲ್ಲಿ ಸನ್ನೆಯ ಪಾಠ ಓದಿದ್ದು ನೆನಪಾಯ್ತು. ಹಾರೆ ಹಾಕಿ ಕಲ್ಲು ಮೀಟೋವಾಗ ಹಾರೆಯ ಉದ್ದನೆ ಭಾಗ ನಮ್ಮ ಕೈಲಿ, ಗಿಡ್ಡನೆ ಭಾಗ ಕಲ್ಲಿನ ಕಡೆ ಇದ್ದರೆ ಸಲೀಸು. ತಿರುಗಿಸಿ ಹಾಕಿದರೆ ಹತ್ತು ಜನ ನೇತಾಡಿದರೂ ಕಲ್ಲು ಅಲ್ಲಾಡಲ್ಲ. ನಾವು ಬಗ್ಗಿದಾಗ ಆಗೋದು ಆ ತಿರುಗುಮುರುಗಿನ ಹಾರೆ. ತಲೆ, ತೋಳು, ಎದೆ, ಹೊಟ್ಟೆ ಸೇರಿದರೆ ಮೈತೂಕದ ಅರ್ಧಕ್ಕಿಂತ ಹೆಚ್ಚು. ಅಷ್ಟೂ ಸೊಂಟದಿಂದ ಮುಂದಕ್ಕೆ ನೇತಾಡುತ್ತೆ. ಅದನ್ನು ಹಿಡಿದು ನಿಲ್ಲಿಸೋದು ಬೆನ್ನುಮೂಳೆಯ ಹಿಂದೆ ಎರಡು ಮೂರು ಬೆರಳು ದೂರದಲ್ಲಿರೋ ಮಾಂಸಖಂಡ. ಭಾರ ದೂರ, ಹಿಡಿಯೋ ಕೈ ಹತ್ತಿರ. ಏನೂ ಎತ್ತದೆ ಸುಮ್ಮನೆ ಬಗ್ಗಿ ನಿಂತರೂ ಸೊಂಟದ ಕೀಲಿಗೆ ಮೂಟೆ ಹೊತ್ತ ಹಾಗೇ. ಅದರ ಮೇಲೆ ಕೈಯಲ್ಲಿ ಭಾರ ಬೇರೆ ಇದ್ದರೆ ಕೇಳೋದೇ ಬೇಡ. ಅದಕ್ಕೇ ಮೂಟೆಯನ್ನು ಮಂಡಿ ಮಡಿಸಿ, ಹೊಟ್ಟೆಗೆ ಒತ್ತಿಕೊಂಡು ಎತ್ತಬೇಕು ಅನ್ನೋದು.

ಬಗ್ಗೋದು ತಪ್ಪಲ್ಲ. ದೇವರು ಸೊಂಟ ಕೊಟ್ಟಿರೋದೇ ಬಗ್ಗೋಕೆ. ಬಗ್ಗಿ ಏಳೋದು ಬೇರೆ, ಬಗ್ಗಿದಲ್ಲೇ ಐದಾರು ಗಂಟೆ ಇರೋದು ಬೇರೆ.

ಎದ್ದು ಓಡಾಡೋ ಹಾಗಾದ ಮೇಲೆ ಮೊದಲು ಹೋಗಿದ್ದು ಕುಲುಮೆಗೆ. ನನ್ನ ಸನಿಕೆ ಕಾವು ಮೊಳ ಚಿಲ್ಲರೆ ಇತ್ತು. ನಮ್ಮಪ್ಪ ಹಾಕಿಸಿದ್ದು. ನಮ್ಮಪ್ಪ ನನಗಿಂತ ಗೇಣು ಗಿಡ್ಡ. ಮೂವತ್ತು ವರ್ಷ ಅವರ ಅಳತೆಯ ಕಾವಲ್ಲಿ ನಾನು ಕೆಲಸ ಮಾಡಿದ್ದೆ, ಒಂದು ದಿನವೂ ಇದು ನನ್ನ ಅಳತೆ ಅಲ್ಲ ಅಂತ ಹೊಳೆದಿರಲಿಲ್ಲ. ಕಾಲಿಗೆ ಚಪ್ಪಲಿ ತಗೋವಾಗ ನಾಲ್ಕು ಜೊತೆ ಹಾಕಿ ನೋಡ್ತೀವಿ. ದಿನಾ ಹಿಡಿಯೋ ಕಾವನ್ನು ಯಾರಾದರೂ ಅಳೆದು ನೋಡಿದೀರಾ? ನಾನು ಎದೆ ಮಟ್ಟ ಬರೋ ಹಗುರದ ಕಾವು ಹಾಕಿಸಿದೆ. ಅಲಗನ್ನೂ ಚಿಕ್ಕದು ಮಾಡಿಸಿದೆ. ಪಾತಿ ಕೆಲಸ, ಸಾಲು ಬಿಡಿಸೋದು, ನೀರು ತಿರುಗಿಸೋದು ಎಲ್ಲಾ ಮುಕ್ಕಾಲು ನಿಂತೇ ಆಗೋಕೆ ಶುರುವಾಯ್ತು. ಸ್ಪ್ರೇ ಟ್ಯಾಂಕಿಗೆ 16 ಲೀಟರ್ ಬದಲು 10 ಲೀಟರ್ ಮಾತ್ರ ಹಾಕೋದು, ಅದನ್ನು ನೆಲದಿಂದ ಎತ್ತದೆ ಸೊಂಟದ ಎತ್ತರದ ಕಟ್ಟೆ ಮೇಲಿಟ್ಟು ಬೆನ್ನಿಗೆ ಹಾಕ್ಕೊಳೋದು ರೂಢಿ ಮಾಡ್ಕೊಂಡೆ. ನೋವು ಪೂರ್ತಿ ಹೋಗಿಲ್ಲ, ಆದರೆ ಬೇಸಾಯ ನಿಂತಿಲ್ಲ. ನನ್ನ ಮಟ್ಟಿಗೆ ಗೆದ್ದೆ ಅಂದ್ಕೊಂಡಿದ್ದೆ.

ಅದರ ಮುಂದಿನ ವರ್ಷ ಕಳೆ ಸಮಯ. ನಮ್ಮ ಹೊಲಕ್ಕೆ ನಮ್ಮಪ್ಪನ ಕಾಲದಿಂದ ಬರ್ತಿದ್ದ ಒಬ್ಬ ಅಕ್ಕ ಇದ್ದಾರೆ. ವಯಸ್ಸು ಅರವತ್ತು ದಾಟಿದೆ. ಮಧ್ಯಾಹ್ನ ಊಟಕ್ಕೆ ಬದುವಿನ ಮೇಲೆ ಕೂತಿದ್ದೆವು. ನಾನು ಉದ್ದ ಕಾವಿನ ಸನಿಕೆ ಒರಗಿಸಿಟ್ಟು, ಡಿಸ್ಕು, ಸನ್ನೆ ಅಂತ ದೊಡ್ಡದಾಗಿ ವಿವರಿಸ್ತಿದ್ದೆ. ಅಕ್ಕ ಎಲ್ಲಾ ಕೇಳಿಸಿಕೊಂಡು, ತಮ್ಮ ಕಳೆವಾರೆಯನ್ನು ನನ್ನ ಸನಿಕೆ ಪಕ್ಕ ಇಟ್ಟರು. ಗೇಣುದ್ದದ ಕಾವು.

"ನಿಂದೇನೋ ಉದ್ದ ಮಾಡಿಸ್ಕಂಡೆ ಕಣಪ್ಪಾ. ನಮ್ಮದು ಯಾವಾಗ ಮಾಡಿಸ್ತೀಯ?"

ಕೋಪದಲ್ಲಿ ಕೇಳಿದ್ದಲ್ಲ. ಮುದ್ದೆ ಮುರೀತಾ ಕೇಳಿದರು. ಪಕ್ಕದಲ್ಲಿದ್ದವರು ನಕ್ಕರು. ನನಗೆ ಗಂಟಲಲ್ಲಿ ತುತ್ತು ಇಳೀಲಿಲ್ಲ.

ಯಾಕೆಂದರೆ ನನಗೆ ನಮ್ಮವ್ವ ನೆನಪಾದರು. ನಮ್ಮವ್ವನೂ ಮುಯ್ಯಾಳಾಗಿ ಊರೆಲ್ಲರ ಹೊಲದಲ್ಲಿ ಕಳೆ ಕಿತ್ತವರು. ಕೊನೆಯ ಹತ್ತು ವರ್ಷ ಅವರು ನೆಟ್ಟಗೆ ನಿಲ್ಲಲೇ ಇಲ್ಲ. ಯಾರಾದರೂ ಎದುರಿಗೆ ಬಂದರೆ ಮೊದಲು ಕಾಲು ನೋಡಿ, ಆಮೇಲೆ ಕತ್ತು ವಾರೆ ಮಾಡಿ ಮುಖ ನೋಡೋರು. "ಹಿಂದಿನವರು ಎಷ್ಟು ಗಟ್ಟಿ, ಬಗ್ಗಿ ದುಡಿದರೂ ಏನೂ ಆಗ್ತಿರಲಿಲ್ಲ" ಅಂತ ಈ ಪುಟದಲ್ಲೂ ಎಷ್ಟೋ ಜನ ಬರೀತೀರಿ. ದಯವಿಟ್ಟು ನಿಮ್ಮ ಮನೆಯ ಜಗಲಿ ಮೇಲೆ ಕೂತಿದ್ದ ಅಜ್ಜಿಯನ್ನು ಒಂದು ಸಲ ನೆನೆಸಿಕೊಳ್ಳಿ. ಗಟ್ಟಿಯಾಗಿ ಉಳಿದ ನಾಲ್ಕು ಜನ ನಮ್ಮ ನೆನಪಲ್ಲಿದ್ದಾರೆ. ಗೂನುಬೆನ್ನಾಗಿ ಮೂಲೆಗೆ ಕೂತವರನ್ನು "ವಯಸ್ಸಾಯ್ತು" ಅಂತ ಲೆಕ್ಕದಿಂದ ಬಿಟ್ಟಿದ್ದೀವಿ.

ಸರಿ, ಮಾರನೇ ವಾರವೇ ಆರು ಉದ್ದ ಕಾವಿನ ಕಳೆ ಗುದ್ದಲಿ ಮಾಡಿಸಿದೆ. ಬಿದಿರಿನ ಕಾವು, ತೆಳು ಅಲಗು, ಒಂದಕ್ಕೆ 250 ರೂಪಾಯಿ ಆಯ್ತು. ತಂದು ಕೊಟ್ಟೆ. ಅರ್ಧ ದಿನದಲ್ಲಿ ಆರನ್ನೂ ಬದುವಿಗೆ ಒರಗಿಸಿ, ಎಲ್ಲರೂ ತಮ್ಮ ತಮ್ಮ ಕಳೆವಾರೆ ಹಿಡಿದು ಬಗ್ಗಿದರು.

ಮೊದಲು ನನಗೆ ಅನ್ನಿಸಿದ್ದು, ಇವರಿಗೆ ಎಷ್ಟು ಹೇಳಿದರೂ ಅಷ್ಟೇ, ಅಭ್ಯಾಸ ಬಿಡಲ್ಲ ಅಂತ. ಆಮೇಲೆ ಅಕ್ಕನೇ ಕರೆದು ತೋರಿಸಿದರು. ಆ ವರ್ಷ ನಾನು ರಾಗಿಯನ್ನು ಚೆಲ್ಲಿ ಬಿತ್ತಿದ್ದೆ. ಮಳೆ ತಡವಾಯ್ತು, ಕೂರಿಗೆಗೆ ಎತ್ತು ಸಿಗಲಿಲ್ಲ, ಎರಚಿಬಿಟ್ಟಿದ್ದೆ. ಸಾಲೇ ಇಲ್ಲ. ಜೊತೆಗೆ ಕಾಡು ರಾಗಿ ಬೇರೆ, ಎಳೇದರಲ್ಲಿ ಅದಕ್ಕೂ ರಾಗಿಗೂ ವ್ಯತ್ಯಾಸ ತಿಳೀಬೇಕಾದರೆ ಬುಡದ ಹತ್ತಿರ ಕಣ್ಣಿಡಬೇಕು. ನಿಂತುಕೊಂಡು ಉದ್ದ ಗುದ್ದಲಿ ಎಳೆದರೆ ಕಳೆಗಿಂತ ಪೈರೇ ಹೆಚ್ಚು ಹೋಗುತ್ತೆ. "ನೀನು ಬಿತ್ತಿದ ಹಂಗೆ ನಾವು ಕೀಳಬೇಕಲ್ಲಪ್ಪ" ಅಂದರು.

ಈ ಒಂದು ಮಾತು ನನಗೆ ಸ್ಕ್ಯಾನಿಂಗ್ ರಿಪೋರ್ಟಿಗಿಂತ ಹೆಚ್ಚು ಕಲಿಸಿತು. ಆಗಸ್ಟಿನಲ್ಲಿ ಆ ಹೆಂಗಸರು ಎಷ್ಟು ಗಂಟೆ ಬಗ್ಗಬೇಕು ಅನ್ನೋದು ಆಗಸ್ಟಿನಲ್ಲಿ ತೀರ್ಮಾನ ಆಗಲ್ಲ. ಜುಲೈನಲ್ಲಿ ಬಿತ್ತನೆ ದಿನ ಆಗಿಬಿಡುತ್ತೆ. ಆ ತೀರ್ಮಾನ ಮಾಡೋನು ನಾನು. ಬಗ್ಗೋರು ಅವರು. ಅವರಿಗೆ "ಸರಿಯಾಗಿ ಬಗ್ಗಿ, ಬೆನ್ನು ಹುಷಾರು" ಅಂತ ಪಾಠ ಹೇಳೋದರಲ್ಲಿ ಯಾವ ಅರ್ಥವೂ ಇಲ್ಲ. ಡಾಕ್ಟರು ನನಗೆ ಚೀಟಿ ಬರೆದುಕೊಟ್ಟ ಹಾಗೇ ಅದೂ.

ಹೋದ ವರ್ಷ ಏನೇ ಆದರೂ ಸಾಲು ಬಿತ್ತನೆ ಮಾಡಬೇಕು ಅಂತ ಹಟ ಹಿಡಿದೆ. ಪುನರ್ವಸು ಮಳೆಗೆ ಮೊದಲೇ ಕೂರಿಗೆ ಗೊತ್ತು ಮಾಡಿಟ್ಟೆ. ಸಾಲಿಂದ ಸಾಲಿಗೆ ಒಂದು ಅಡಿ, ನಡುನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು. ಹಳೇ ಸೈಕಲ್ ಚಕ್ರದಲ್ಲಿ ಮಾಡಿದ ಸೈಕಲ್ ಕುಂಟೆ ಒಂದು ತಂದೆ, ಎರಡು ಸಾವಿರದ ಒಳಗೇ ಆಯ್ತು. ಅದರ ಹಿಡಿಯನ್ನು ಮೇಲೆ ಕೆಳಗೆ ಸರಿ ಮಾಡ್ಕೊಳೋಕೆ ಮೂರು ತೂತು ಹಾಕಿಸಿದೆ, ನನಗೊಂದು, ನಮ್ಮನೆಯವಳಿಗೊಂದು, ಆಳಿಗೊಂದು. ಹಿಡಿ ಸೊಂಟಕ್ಕೂ ಮೊಣಕೈಗೂ ಮಧ್ಯೆ ಬಂದರೆ ನೆಟ್ಟಗೆ ನಡೆದುಕೊಂಡು ತಳ್ಳಬಹುದು. ಬಿತ್ತಿದ ಇಪ್ಪತ್ತೈದನೇ ದಿನಕ್ಕೆ ಒಂದು ಸಲ, ಮತ್ತೆ ಹತ್ತು ದಿನ ಬಿಟ್ಟು ಒಂದು ಸಲ ಹೊಡೆದೆವು. ಸಾಲಿನ ಮಧ್ಯದ ಕಳೆ ಎಲ್ಲಾ ಹೋಯ್ತು. ಉಳಿದಿದ್ದು ಸಾಲಿನ ಒಳಗಿನ ಕಳೆ ಮಾತ್ರ. ಅದಕ್ಕೆ ಕೈಯೇ ಆಗಬೇಕು, ಬಗ್ಗಲೇಬೇಕು, ಅದಕ್ಕೆ ಬೇರೆ ದಾರಿ ನನಗೆ ಕಂಡಿಲ್ಲ. ಆದರೆ ಎಕರೆಗೆ ಹನ್ನೆರಡು ಹೆಣ್ಣಾಳು ಹಿಡೀತಿದ್ದ ಕಡೆ ಐದು ಸಾಕಾಯ್ತು. ಅಕ್ಕಡಿ ಸಾಲಿನ ಪಕ್ಕ ಉದ್ದ ಕಾವಿನ ಗುದ್ದಲಿ ಚೆನ್ನಾಗಿ ಓಡಿತು. ಒಂದು ಗಂಟೆ ಬಗ್ಗಿ ಕಿತ್ತವರು ಇನ್ನೊಂದು ಗಂಟೆ ನಿಂತು ಗುದ್ದಲಿ ಎಳೆಯೋದು, ಹೀಗೆ ಬದಲಾಯಿಸಿಕೊಂಡರು. ಸಂಜೆ ಮನೆಗೆ ಹೋಗುವಾಗ ಸೊಂಟಕ್ಕೆ ಕೈ ಕೊಟ್ಟು ಏಳೋರು ಕಡಿಮೆಯಾದರು.

ಇಷ್ಟು ಹೇಳಿ ಮುಗಿಸಿದರೆ ಸುಳ್ಳು ಹೇಳಿದ ಹಾಗೆ. ಇದರಲ್ಲಿ ಎರಡು ತೊಡಕು ಬಂತು.

ಮೊದಲನೇದು ಕೂಲಿ. ಹನ್ನೆರಡು ಆಳಿನ ಕೆಲಸ ಐದಕ್ಕೆ ಬಂದರೆ ಏಳು ಜನರ ಒಂದು ದಿನದ ಕೂಲಿ ಹೋಯ್ತು ಅಂತ ಅರ್ಥ. ಇದನ್ನು ಒಬ್ಬಾಕೆ ನೇರವಾಗಿಯೇ ಕೇಳಿದಳು: "ಬೆನ್ನು ಉಳಿಸ್ತೀನಿ ಅಂತ ಹೊಟ್ಟೆಗೆ ಹೊಡೀತೀಯಾ ಅಣ್ಣ?" ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಉಳಿದ ದುಡ್ಡಲ್ಲಿ ಬಂದವರಿಗೆ ದಿನಕ್ಕೆ 50 ರೂಪಾಯಿ ಜಾಸ್ತಿ ಕೊಟ್ಟೆ. ಸೈಕಲ್ ಕುಂಟೆ ಹೊಡೆಯೋ ಕೆಲಸವನ್ನು ಗಂಡಾಳಿಗೆ ಕೊಡದೆ ಅವರಲ್ಲೇ ಇಬ್ಬರಿಗೆ ಕೊಟ್ಟೆ, ಗಂಡಾಳಿನ ಕೂಲಿಯನ್ನೇ ಕೊಟ್ಟೆ. ಇದಕ್ಕೂ ಊರಲ್ಲಿ ಮಾತು ಬಂತು, ರೇಟು ಕೆಡಿಸ್ತಾನೆ ಅಂತ. ಆದರೆ ಒಂದು ಮಾತು. ನಮ್ಮೂರಲ್ಲಿ ಕಳೆಗೆ ಬರೋ ಹೆಂಗಸರಲ್ಲಿ ಮೂವತ್ತು ವರ್ಷದ ಒಳಗಿನವರು ಬೆರಳೆಣಿಕೆ. ಬಾಕಿಯವರು ಗಾರ್ಮೆಂಟ್ಸ್ ಬಸ್ಸು ಹತ್ತಿದ್ದಾರೆ. ಈಗಿರೋ ರೀತಿಯಲ್ಲೇ ಕೆಲಸ ಇಟ್ಟರೆ ಇನ್ನು ಹತ್ತು ವರ್ಷಕ್ಕೆ ಕಳೆ ಕೀಳೋರೇ ಇರಲ್ಲ, ಆಗ ಕೂಲಿಯ ಪ್ರಶ್ನೆಯೂ ಇರಲ್ಲ.

ಎರಡನೇ ತೊಡಕು ನಮ್ಮ ಕಣ್ಣು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಉದ್ದ ಗುದ್ದಲಿಯಲ್ಲಿ ಕೆಲಸ ನಡೀತಿದ್ದಾಗ ಪಕ್ಕದ ಹೊಲದ ಹಿರಿಯರೊಬ್ಬರು ಬದುವಿನ ಮೇಲೆ ನಿಂತು ನೋಡಿ, "ಏನೋ ಮಾರಾಯ, ನಿನ್ನ ಆಳುಗಳು ಎಲ್ಲಾ ನಿಂತ್ಕೊಂಡೇ ಅವ್ರೆ" ಅಂದರು. ಅವರು ಹೇಳೋ ತನಕ ನಾನು ಗಮನಿಸಿರಲಿಲ್ಲ, ನನಗೂ ಒಳಗೊಳಗೆ ಹಾಗೇ ಅನ್ನಿಸ್ತಿತ್ತು. ನೆಟ್ಟಗೆ ನಿಂತ ಹೆಂಗಸು ಕಂಡ ಕೂಡಲೇ ಕೆಲಸ ಕಳ್ಳತನ ಮಾಡ್ತಿದ್ದಾಳೆ ಅಂತ ನಮ್ಮ ಕಣ್ಣಿಗೆ ಅಭ್ಯಾಸ ಆಗಿಹೋಗಿದೆ. ಬಗ್ಗಿದ ಬೆನ್ನು ಸಾಲಾಗಿ ಕಂಡರೆ ಕೂಲಿ ವಸೂಲಾಯ್ತು ಅಂತ ಸಮಾಧಾನ. ಎಷ್ಟು ಕಳೆ ಹೋಗಿದೆ ಅಂತ ನೆಲ ನೋಡಿ ಅಳೆಯೋದು ಬಿಟ್ಟು ಬೆನ್ನು ನೋಡಿ ಅಳೀತೀವಿ.

ಇದನ್ನು ಮಗನ ಹತ್ತಿರ ಫೋನಲ್ಲಿ ಹೇಳಿದೆ. ಅವನು ಹುಡುಕಿ ಒಂದು ಸಂಗತಿ ಓದಿ ಹೇಳಿದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಟ್ಯೂಸ್ ಸೊಪ್ಪು, ಸಕ್ಕರೆ ಬೀಟ್ ಬೆಳೆಯೋ ದೊಡ್ಡ ದೊಡ್ಡ ಜಮೀನುಗಳಲ್ಲಿ ಮೋಟು ಕಾವಿನ ಗುದ್ದಲಿಯನ್ನೇ ಕೊಡ್ತಿದ್ದರಂತೆ. ಕೂಲಿಗಳಲ್ಲಿ ಬಹಳ ಜನ ಮೆಕ್ಸಿಕೋ ಕಡೆಯವರು. ಆ ಗುದ್ದಲಿಗೆ ಅವರ ಭಾಷೆಯಲ್ಲಿ "ಎಲ್ ಕೊರ್ತಿತೊ" ಅಂತ ಹೆಸರು, ಮೋಟು ಅಂತಲೇ ಅರ್ಥ. ಜಮೀನ್ದಾರರು ಹೇಳ್ತಿದ್ದಿದ್ದು, ಮೋಟು ಕಾವಾದರೆ ಸಸಿ ಹತ್ತಿರ ಕಣ್ಣು ಇರುತ್ತೆ, ಒತ್ತು ಸಸಿ ತೆಗೆಯೋದು ಸರಿಯಾಗಿ ಆಗುತ್ತೆ, ಉದ್ದ ಕಾವು ಕೊಟ್ಟರೆ ಬೆಳೆ ಹಾಳು ಅಂತ. ಕೂಲಿಗಳು ಹೇಳ್ತಿದ್ದಿದ್ದು ಇನ್ನೊಂದು. ಮೋಟು ಕಾವು ಕೊಟ್ಟರೆ ಮೇಸ್ತ್ರಿ ದೂರದಲ್ಲಿ ನಿಂತೇ ಯಾರು ಸೊಂಟ ನೆಟ್ಟಗೆ ಮಾಡಿದರು ಅಂತ ಕಂಡುಹಿಡಿಯಬಹುದು. ಕೂಲಿಕಾರರ ಮುಖಂಡ ಸೀಸರ್ ಚಾವೆಜ್ ಅನ್ನೋರು ತಾವೇ ಆ ಗುದ್ದಲಿ ಹಿಡಿದು ಬೆನ್ನು ನೋವು ತಿಂದವರು. ಕೇಸು ಆ ರಾಜ್ಯದ ಸುಪ್ರೀಂ ಕೋರ್ಟಿನ ತನಕ ಹೋಗಿ 1975ರಲ್ಲಿ ಆ ಮೋಟು ಗುದ್ದಲಿಗೆ ನಿಷೇಧ ಬಂತು. ಬೆಳೆ ಹಾಳಾಗುತ್ತೆ ಅಂದರಲ್ಲ, ಲೆಟ್ಯೂಸ್ ಇವತ್ತಿಗೂ ಅಲ್ಲಿ ಬೆಳೀತಾನೇ ಇದೆ.

ಅಲ್ಲಿನ ಸಾವಿರಾರು ಎಕರೆ ಜಮೀನ್ದಾರನಿಗೂ ನನ್ನ ಎರಡು ಎಕರೆಗೂ ಹೋಲಿಕೆ ಇಲ್ಲ, ಒಪ್ಪಿದೆ. ನಾನು ಯಾರ ಮೇಲೂ ದರ್ಪ ಮಾಡೋನಲ್ಲ, ನಾನೂ ಅವರ ಜೊತೆ ಬಗ್ಗೋನೇ. ಆದರೂ ಬದುವಿನ ಮೇಲೆ ನಿಂತು ನೋಡೋವಾಗ ನನ್ನ ಕಣ್ಣು ಆ ಮೇಸ್ತ್ರಿಯ ಕಣ್ಣೇ ಆಗಿತ್ತು. ಇದನ್ನು ಒಪ್ಪಿಕೊಳ್ಳೋಕೆ ನಾಚಿಕೆ ಆಗುತ್ತೆ, ಆದರೂ ಬರೆದಿದ್ದೀನಿ.

ಸರ್ಕಾರಕ್ಕೆ, ಕಂಪನಿಗಳಿಗೆ ಹೇಳೋದೂ ಇದೆ. 2018ರಲ್ಲಿ ಯೂರಿಯಾ ಚೀಲ 50 ಕೆಜಿಯಿಂದ 45 ಕೆಜಿಗೆ ಇಳೀತು. ನಮ್ಮ ಸೊಂಟದ ಮೇಲೆ ಕರುಣೆ ಬಂದು ಅಲ್ಲ, ಯೂರಿಯಾ ಬಳಕೆ ಕಡಿಮೆಯಾಗಲಿ ಅಂತ. ಆದರೂ ಎತ್ತೋವಾಗ ಆ ಐದು ಕೆಜಿಯ ವ್ಯತ್ಯಾಸ ನನ್ನ ಸೊಂಟಕ್ಕೆ ಗೊತ್ತಾಗುತ್ತೆ. ಹಾಗಾದರೆ ಗೊಬ್ಬರ, ಹಿಂಡಿ, ಸಿಮೆಂಟು ಎಲ್ಲವನ್ನೂ 25 ಕೆಜಿ ಚೀಲದಲ್ಲಿ ಯಾಕೆ ಕೊಡಬಾರದು? ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯ ಕಡೆಯಿಂದ ರೈತರ, ರೈತ ಮಹಿಳೆಯರ ಎತ್ತರ, ತೋಳು, ಹಿಡಿತ ಎಲ್ಲಾ ಅಳೆದು, ಅದಕ್ಕೆ ತಕ್ಕ ಉಪಕರಣ ಮಾಡೋ ಅಖಿಲ ಭಾರತ ಮಟ್ಟದ ಕೆಲಸ ಎಷ್ಟೋ ವರ್ಷದಿಂದ ನಡೀತಿದೆ. ಅಂದರೆ ಅಳತೆ ಇದೆ, ಜ್ಞಾನ ಇದೆ. ನಮ್ಮ ಸಂತೆಯ ಕಬ್ಬಿಣದ ಅಂಗಡಿಗೆ ಮಾತ್ರ ಅದು ಬಂದಿಲ್ಲ. ಅಲ್ಲಿ ಈಗಲೂ ಗಂಡಿಗೂ ಹೆಣ್ಣಿಗೂ, ಆರಡಿಯವನಿಗೂ ನಾಲ್ಕೂವರೆ ಅಡಿಯವಳಿಗೂ ಒಂದೇ ಸೈಜು. ಬಾಡಿಗೆಗೆ ಯಂತ್ರ ಕೊಡೋ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ರೋಟವೇಟರ್ ಜೊತೆಗೆ ಹತ್ತು ಸೈಕಲ್ ಕುಂಟೆಯೂ ಇಡಲಿ. ಕಳೆ ಸಮಯ ಇರೋದೇ ಮೂರು ವಾರ, ಸಣ್ಣ ರೈತ ದಿನಕ್ಕೆ ಇಷ್ಟು ಅಂತ ಬಾಡಿಗೆಗೆ ತಗೋತಾನೆ.

ಆದರೆ ಅದು ಬರೋ ತನಕ ಕಾಯೋ ಅಗತ್ಯ ಇಲ್ಲ. ಕಾವು ಬದಲಾಯಿಸೋಕೆ ಯಾವ ಸಬ್ಸಿಡಿಯೂ ಬೇಕಿಲ್ಲ. ನಾನು ಮಾಡಿ ನೋಡಿದ್ದನ್ನು ಬರೀತೀನಿ, ಸರಿ ಕಂಡರೆ ಮಾಡಿ.

1. ನಿಮ್ಮ ಮನೆಯಲ್ಲಿರೋ ಎಲ್ಲಾ ಗುದ್ದಲಿ, ಸನಿಕೆ ಹೊರಗೆ ಇಟ್ಟು, ಯಾರು ಯಾವುದನ್ನು ಹಿಡೀತಾರೋ ಅವರನ್ನೇ ಪಕ್ಕ ನಿಲ್ಲಿಸಿ ನೋಡಿ. ನಿಂತು ಎಳೆಯೋ ಕೆಲಸದ ಕಾವು ಎದೆ ಮಟ್ಟ ಇರಲಿ. ಕಾವು ಉದ್ದವಾದರೆ ಅಲಗು ಹಗುರ ಇರಬೇಕು, ಇಲ್ಲದಿದ್ದರೆ ತೋಳು ಸೋಲುತ್ತೆ. ಅಲಗಿನ ಓರೆಯನ್ನೂ ಕುಲುಮೆಯಲ್ಲಿ ತಿದ್ದಿಸಬೇಕು. ಅಲಗು ನೆಲದ ಮೇಲೆ ಚಪ್ಪಟೆಯಾಗಿ ಸವರಿಕೊಂಡು ಬರಬೇಕು, ಕಚ್ಚಿಕೊಳ್ಳಬಾರದು. ಹಳೇ ಗುದ್ದಲಿಗೆ ಬರೀ ಉದ್ದ ಕೋಲು ಸಿಕ್ಕಿಸಿ, "ಇದು ಆಗಲ್ಲ" ಅಂತ ಬಿಡಬೇಡಿ.

2. ಸಾಲು ಬಿತ್ತನೆ ಮಾಡಿ. ಇಳುವರಿಗೆ, ಗಾಳಿ ಬೆಳಕಿಗೆ ಅಂತ ಎಲ್ಲರೂ ಹೇಳ್ತಾರೆ. ನಾನು ಬೆನ್ನಿಗೆ ಅಂತ ಹೇಳ್ತಿದ್ದೀನಿ.

3. ಇಡೀ ದಿನ ಒಂದೇ ಕೆಲಸ ಹಚ್ಚಬೇಡಿ. ಬಗ್ಗೋದು, ನಿಲ್ಲೋದು, ಕೂರೋದು, ಹೊರೋದು ಬದಲಾಗ್ತಿರಲಿ. ಕುಕ್ಕರಗಾಲಲ್ಲಿ ಕೂತು ಕೀಳೋದು ಸೊಂಟಕ್ಕೆ ಸ್ವಲ್ಪ ಹಗುರ, ಆದರೆ ಅದನ್ನೇ ದಿನವೆಲ್ಲಾ ಮಾಡಿದರೆ ಮಂಡಿ ಹೋಗುತ್ತೆ. ಯಾವ ಭಂಗಿಯಾದರೂ ಅಷ್ಟೇ, ಜಾಸ್ತಿ ಹೊತ್ತು ಆದರೆ ಕೆಟ್ಟದ್ದು.

4. ಮೂಟೆ, ಕೊಡ, ಹಾಲಿನ ಕ್ಯಾನು, ಸ್ಪ್ರೇ ಟ್ಯಾಂಕು ನೆಲದ ಮೇಲೆ ಇಡೋ ಅಭ್ಯಾಸ ಬಿಡಿ. ಸೊಂಟದ ಎತ್ತರಕ್ಕೆ ಒಂದು ಕಲ್ಲಿನ ಕಟ್ಟೆ ಸಾಕು. ಬೆಳಗ್ಗೆ ಎದ್ದ ಕೂಡಲೇ ಭಾರ ಎತ್ತಬೇಡಿ, ಸ್ವಲ್ಪ ಓಡಾಡಿ ಮೈ ಬಿಸಿಯಾದ ಮೇಲೆ ಎತ್ತಿ.

5. ಇದು ಜಮೀನಿನ ಯಜಮಾನರಿಗೆ. ಆಳು ಸೊಂಟ ನೆಟ್ಟಗೆ ಮಾಡಿ ಎರಡು ನಿಮಿಷ ನಿಂತರೆ ಬದುವಿನಿಂದ ಕೂಗಬೇಡಿ. ಆ ಎರಡು ನಿಮಿಷವೂ ಕೂಲಿಯಲ್ಲೇ ಸೇರಿದೆ ಅಂದುಕೊಳ್ಳಿ. ಮಗನ ಕಂಪನಿಯವರು ಅದನ್ನೇ ಕ್ಲಾಸ್ ಇಟ್ಟು ಹೇಳಿಕೊಟ್ಟಿದ್ದಾರೆ.

ತೆಂಗಿನಕಾಯಿ ಸುಲಿಯೋರನ್ನು ನೋಡಿ ನಾನು ಇದನ್ನು ಮೊದಲೇ ಕಲೀಬಹುದಿತ್ತು. ನಮ್ಮ ತೋಟಕ್ಕೆ ಬರೋ ಸುಲಿಯೋ ಅಣ್ಣ ತನ್ನ ಹಾರೆ ತಾನೇ ತರ್ತಾನೆ. ನೆಟ್ಟ ಮೇಲೆ ಪಕ್ಕದಲ್ಲಿ ನಿಂತು, ಒಂದು ಕಾಯಿ ಸುಲಿದು ನೋಡಿ, ಇನ್ನೆರಡು ಬೆರಳು ಒಳಕ್ಕೆ ಹೊಡೀತಾನೆ ಇಲ್ಲಾ ಮೇಲಕ್ಕೆ ಎಳೀತಾನೆ. ಅವನು ಕಾಯಿ ಲೆಕ್ಕದ ಮೇಲೆ ದುಡ್ಡು ತಗೊಳೋನು, ತನ್ನ ಸಾಮಾನು ತನ್ನದೇ. ಅದಕ್ಕೇ ಅವನ ಹಾರೆ ಅವನ ಎತ್ತರಕ್ಕೆ ಸರಿಯಾಗಿದೆ. ಕಳೆಗೆ ಬರೋ ಹೆಂಗಸಿಗೆ ಆ ಮಾತು ಹೇಳೋ ಜಾಗವೇ ಇಲ್ಲ. ಸಾಲು ನಮ್ಮದು, ಕೆಲಸದ ಹೊತ್ತು ನಮ್ಮದು, ಅವಳ ಕೈಲಿರೋದು ಗೇಣುದ್ದ ಕಾವು.

ಈ ವರ್ಷ ಅಕ್ಕ ಕಳೆಗೆ ಬರಲಿಲ್ಲ. ಯುಗಾದಿ ಆದ ಮೇಲೆ ಕಾಲಿಗೆ ಜೋಮು ಹಿಡಿದು ಈಗ ಕೋಲು ಹಿಡಿದೇ ನಡೀತಾರೆ. ನಾನು ಕಾವು ಉದ್ದ ಮಾಡಿಸಿದ್ದು ಅವರ ಮಟ್ಟಿಗೆ ತಡವಾಯ್ತು. ಮೊನ್ನೆ ಅವರ ಬದಲಿಗೆ ಅವರ ಸೊಸೆ ಬಂದಿದ್ದಳು. ಇಪ್ಪತ್ತೆಂಟು ವರ್ಷ ಇರಬಹುದು. ಅವಳ ಕೈಲಿ ನೋಡಿದರೆ ಅತ್ತೆಯ ಅದೇ ಕಳೆವಾರೆ, ಹಿಡಿದು ಹಿಡಿದು ಕಾವು ನುಣ್ಣಗಾಗಿದೆ. "ಅತ್ತೆ ಕೊಟ್ರು ಮಾವ, ಚೆನ್ನಾಗಿ ಹರಿತ ಐತೆ" ಅಂದಳು.

ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರು, ಸಾಲಿನ ಒಳಗಿನ ಕಳೆಗೆ ಬೇಕಾಗುತ್ತೆ ಅಂತ ಹೇಳಿ, ಉದ್ದದ್ದನ್ನು ಕೈಗೆ ಕೊಟ್ಟೆ. ಅವಳ ಎತ್ತರಕ್ಕೆ ಅದು ಸ್ವಲ್ಪ ಜಾಸ್ತಿಯಾಯ್ತು. ಮಾರನೇ ದಿನ ನಾಲ್ಕು ಬೆರಳು ಕುಯ್ದು ಕೊಟ್ಟಿದ್ದೀನಿ.

ನಿಮ್ಮ ಕಡೆ ಕಳೆ ಕೀಳೋ ಸಾಮಾನಿಗೆ ಏನಂತಾರೆ, ಕಾವು ಎಷ್ಟುದ್ದ ಇದೆ ಅಂತ ಅಳೆದು ಬರೀರಿ, ಫೋಟೋ ಇದ್ದರೆ ಹಾಕಿ. ಉದ್ದ ಕಾವಲ್ಲಿ ಸಾಲಿನ ಒಳಗಿನ ಕಳೆಯನ್ನೂ ತೆಗೆಯೋ ಉಪಾಯ ಯಾರಾದರೂ ಮಾಡಿದ್ದರೆ ದಯವಿಟ್ಟು ತಿಳಿಸಿ. ನನಗೆ ಅದೊಂದು ಇನ್ನೂ ಸಿಕ್ಕಿಲ್ಲ. ಮಖಾ ಮಳೆ ಹಿಡಿಯೋದರೊಳಗೆ ಎರಡನೇ ಕುಂಟೆ ಮುಗಿಸಬೇಕು, ಸಿಗೋಣ.